ಅರವತ್ತು ದಾಟಿಸಿದ ನಲ್ಲಿಕಟ್ಟೆ

ಹೋದ ವಾರ ಬಂಗಾರಪೇಟೆ ಸ್ಟೇಷನ್ ಎದುರಿನ ಸಲೂನಿನಲ್ಲಿ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿ ಯಾರೋ ಒಬ್ಬರು ತಲೆಗೆ ಡೈ ಹಾಕಿಸಿಕೊಳ್ಳುತ್ತಿದ್ದರು. ಬಟ್ಟಲಲ್ಲಿ ಕಲಸಿದ ಆ ಕಪ್ಪು ಪೇಸ್ಟಿನ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಐವತ್ತೊಂಬತ್ತರ ವರ್ಷ ಪೂರ್ತಿಯಾಗಿ ಎದ್ದು ಬಂದು ಎದುರಿಗೆ ನಿಂತುಬಿಟ್ಟಿತು. "ನಿಮಗೂ ಹಾಕ್ಲಾ ಸಾರ್? ಹತ್ತು ವರ್ಷ ಚಿಕ್ಕೋರಾಗಿ ಕಾಣ್ತೀರ" ಅಂದ ಸಲೂನಿನವನು. "ಬೇಡಪ್ಪ, ಮುದುಕನಾಗೋಕೆ ಬಾಳ ಕಷ್ಟಪಟ್ಟಿದೀನಿ" ಅಂದೆ. ಅವನು ತಮಾಷೆ ಅಂದುಕೊಂಡು ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ನಾನು ತಲೆಗೆ ಬಣ್ಣ ಹಚ್ಚತೊಡಗಿದ್ದು ಚಿನ್ನದ ಗಣಿ ಮುಚ್ಚಿದ ಮೇಲೆ. ಗಣಿಯೊಳಗೆ ಪಂಪು, ಮೋಟಾರು ನೋಡಿಕೊಳ್ಳುವ ಕೆಲಸ ನನ್ನದು. ಅದು ಹೋದ ಮೇಲೆ ನಮ್ಮೂರು ಉರಿಗಾಮಿನ ಎಷ್ಟೋ ಗಂಡಸರ ಹಾಗೆ ನಾನೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದೆ. ಮೋಟಾರು ವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಯಜಮಾನ ನನಗಿಂತ ಚಿಕ್ಕವನು. ನರೆತ ತಲೆ ಕಂಡರೆ ಎಲ್ಲಿ ಮನೆಗೆ ಕಳಿಸಿಬಿಡುತ್ತಾನೋ ಎಂಬ ಅಂಜಿಕೆ. ತಿಂಗಳಿಗೊಂದು ಭಾನುವಾರ ಆಂಡರ್ಸನ್‌ಪೇಟೆಯಿಂದ ತಂದ ಡೈ ಪೊಟ್ಟಣ ಕಲಸಿ ನನ್ನ ಹೆಂಡತಿ ಸರೋಜ ತಲೆಗೆ ಬಳಿಯುತ್ತಿದ್ದಳು. "ಮೋಟ್ರಿಗೆ ವಾರ್ನಿಶ್ ಒಡ್ದಂಗಾಯ್ತು ನೋಡಿ" ಅಂತ ಕನ್ನಡಿ ಹಿಡಿಯುತ್ತಿದ್ದಳು.

ಇನ್ನೊಂದು ಅಂಜಿಕೆಯೂ ಇತ್ತು. ಅದನ್ನು ಸರೋಜಳಿಗೂ ಹೇಳಿರಲಿಲ್ಲ. ನಮ್ಮ ಮನೆಯ ಗಂಡಸರು ಯಾರೂ ಅರವತ್ತು ಕಂಡವರಲ್ಲ. ಬೂದಿಕೋಟೆ ಕಡೆಯ ಹೊಲ ಬಿಟ್ಟು ಗಣಿಗೆ ಬಂದ ತಾತ ಕೆಮ್ಮಿ ಕೆಮ್ಮಿ ಹೋದ. ಅಪ್ಪ ಪಾಳಿ ಮುಗಿಸಿ ಬಂದವನು ಮುದ್ದೆ ಮುರಿಯುತ್ತಾ ಕೂತಲ್ಲೇ ವಾಲಿದ. ಅಣ್ಣ ರೈಲಿನಲ್ಲಿ ನಿದ್ದೆ ಹೋದವನು ಬಂಗಾರಪೇಟೆ ಬಂದರೂ ಏಳಲಿಲ್ಲ. ಹೆಂಗಸರ ಕತೆಯೇ ಬೇರೆ. ತಾತ ಹೋದ ಮೇಲೂ ಅಜ್ಜಿ ನನ್ನ ಮದುವೆ ಮಾಡಿಸಿ, ನನ್ನ ಮಗಳು ಪದ್ಮಳಿಗೆ ಕಾಲ ಮೇಲೆ ಹಾಕಿಕೊಂಡು ನೀರೆರೆದು, ಆಮೇಲೆ ನಿಧಾನವಾಗಿ ಹೊರಟಳು. ಅಮ್ಮನೂ ಹಾಗೆಯೇ. ಅತ್ತಿಗೆ ಇವತ್ತಿಗೂ ಮಾಲೂರಿನಲ್ಲಿ ಕಲ್ಲುಗುಂಡಿನ ಹಾಗಿದ್ದಾಳೆ.

ನಮ್ಮ ಮನೆಯೊಂದೇ ಅಲ್ಲ, ನಮ್ಮ ಲೈನೇ ಹಾಗೆ. ಲೈನು ಅಂದರೆ ಗಣಿ ಕೆಲಸದವರಿಗಾಗಿ ಕಟ್ಟಿಸಿದ, ಒಂದಕ್ಕೊಂದು ಅಂಟಿಕೊಂಡ ಮೋಟು ಮನೆಗಳ ಸಾಲು. ಆ ವರ್ಷ ನಮ್ಮ ಸಾಲಿನಲ್ಲಿ ಯಾವ ಬಾಗಿಲು ತಟ್ಟಿದರೂ ತೆರೆಯುತ್ತಿದ್ದದ್ದು ಒಬ್ಬ ಮುದುಕಿ. ಕೆಲವರ ಗಂಡಂದಿರು ಗಣಿಯೊಳಗೆ ಬಂಡೆ ಸಿಡಿದು ಸತ್ತವರು, ಹೆಚ್ಚಿನವರು ಕಲ್ಲಿನ ಧೂಳು ಎದೆಗಿಳಿದು ಸತ್ತವರು, ಉಳಿದವರನ್ನು ಗಣಿ ಮುಚ್ಚಿದ ಮೇಲಿನ ಕುಡಿತ ತಿಂದಿತು. ಮಕ್ಕಳು ಹೊಸೂರು, ಬೆಂಗಳೂರು ಅಂತ ದುಡಿಯಲು ಹೋಗುವವರು. ಸಾಲಿನಲ್ಲಿ ನನಗಿಂತ ಹಿರಿಯ ಗಂಡಸು ಒಬ್ಬನೂ ಇರಲಿಲ್ಲ. ಅದು ನನಗೆ ಎಷ್ಟೋ ವರ್ಷ ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬರುವವನು ನಾನು.

ಐವತ್ತೊಂಬತ್ತು ತುಂಬಿದ್ದು ಅವರೆಕಾಯಿಯ ಸುಗ್ಗಿಯಲ್ಲಿ. ಆಗಲೇ ಎದೆಯ ನಡುವೆ ಏನೋ ಹಿಡಿದ ಹಾಗೆ ಆಗುತ್ತಿತ್ತು. ಗ್ಯಾಸು ಅಂತ ಸೋಡಾ ಕುಡಿದೆ, ಓಮದ ಕಾಳು ಅಗಿದೆ. ಸುಗ್ಗಿ ಮುಗಿದು ಬಿಸಿಲು ಏರತೊಡಗಿದ ಒಂದು ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದು ಮೇಲ್ಸೇತುವೆಯ ಮೆಟ್ಟಿಲು ಹತ್ತುವಾಗ ಎಡಗೈ ನನ್ನದೇ ಅಲ್ಲವೇನೋ ಅನ್ನಿಸಿತು. ಬೆವರು ಧಾರೆಯಾಗಿ ಕಿತ್ತುಕೊಂಡಿತು. ಹೂವಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತು, "ಯಾಕಣ್ಣ, ಏನಾಯ್ತು?" ಅಂದಳು. "ಏನೂ ಇಲ್ಲಮ್ಮ" ಅಂದೆ. ಅನ್ನುತ್ತಲೇ ಕುಸಿದು ಕೂತೆ. ನಾನು ಏನೂ ಇಲ್ಲ ಅಂದದ್ದನ್ನು ಆಕೆ ನಂಬಿದ್ದರೆ ಈ ಬರಹ ಇರುತ್ತಿರಲಿಲ್ಲ. ಬುಟ್ಟಿ ಅಲ್ಲೇ ಇಟ್ಟು, ಕೂಗಿ ನಾಲ್ಕು ಜನ ಸೇರಿಸಿ, ಆಟೋಗೆ ಹತ್ತಿಸಿದಳು. ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮಾರನೆಯ ದಿನ ಡಾಕ್ಟರಮ್ಮ ಬಂದು ಕೇಳಿದರು. "ನಿಮ್ಮ ಮನೆ ಗಂಡಸರು ಯಾವ ವಯಸ್ಸಿಗೆ ತೀರಿಕೊಂಡ್ರು?"

ಹೇಳಿದೆ.

"ಹೆಂಗಸರು?"

"ಅವ್ರು ಹೋಗೋದೇ ಇಲ್ಲ ಮೇಡಂ."

ಡಾಕ್ಟರಮ್ಮ ನಕ್ಕರು. "ಬರೀ ನಿಮ್ಮನೇಲಲ್ಲ, ಪ್ರಪಂಚದಲ್ಲೆಲ್ಲ ಹೆಚ್ಚುಕಮ್ಮಿ ಹೀಗೇ. ಗಂಡಸರಿಗಿಂತ ಹೆಂಗಸರು ಹೆಚ್ಚು ವರ್ಷ ಬದುಕ್ತಾರೆ."

"ಅದ್ಯಾಕೆ ಮೇಡಂ?"

"ಒಂದೇ ಕಾರಣ ಅಂತ ಇಲ್ಲ. ಹುಟ್ಟಿನಿಂದ ಬಂದ ಮೈಯ ಗುಣ ಸ್ವಲ್ಪ. ನೀವು ಮಾಡೋ ಕೆಲಸ, ಸೇದೋ ಬೀಡಿ, ಕುಡಿಯೋದು, ಇವೆಲ್ಲ ಸೇರಿ ಸ್ವಲ್ಪ. ಇನ್ನೊಂದು, ನೋವು ಬಂದ್ರೆ ನೀವು ಬಾಯಿ ಬಿಡೋದಿಲ್ಲ. ನಿಮಗೆ ಇದು ಶುರುವಾಗಿ ಎಷ್ಟು ದಿನ ಆಗಿತ್ತು?"

ನಾನು ಬಾಯಿ ಬಿಡಲಿಲ್ಲ. ಮೂಲೆಯಲ್ಲಿ ನಿಂತಿದ್ದ ಸರೋಜ ನನ್ನನ್ನೇ ನೋಡುತ್ತಿದ್ದಳು. ಅಷ್ಟು ಹೊತ್ತು ಅಳದವಳು ಆಗ ಅತ್ತಳು.

ಮನೆಗೆ ಬಂದ ಮೇಲೆ ನನಗೆ ನಿಜವಾದ ಹೆದರಿಕೆ ಹತ್ತಿಕೊಂಡಿತು. ಗೋಡೆಯ ಮೇಲೆ ತಾತ, ಅಪ್ಪ, ಅಣ್ಣ ಸಾಲಾಗಿ ಕಪ್ಪು ತಲೆಗೂದಲಿನಲ್ಲಿ ಕೂತಿದ್ದರು. ಮುಂದಿನ ಮೊಳೆ ನನ್ನದೇ ಅನ್ನಿಸುತ್ತಿತ್ತು. ಬೆಂಗಳೂರಿನ ಕೆಲಸ ನಿಂತಿತು. ಮಾತ್ರೆ ನುಂಗುವುದು, ಮಲಗುವುದು, ಫೋಟೋ ನೋಡುವುದು, ಇಷ್ಟೇ ದಿನಚರಿಯಾಯಿತು.

ಹೀಗಿರುವಾಗ ಒಂದು ಸಂಜೆ ಚಿನ್ನತಾಯಿ ಒಳಗೆ ನುಗ್ಗಿದಳು. ಚಿನ್ನತಾಯಿ ಪಕ್ಕದ ಮನೆಯವಳು, ಗಣಿಯ ಗೇಟಿನಲ್ಲಿ ಪಾಳಿಯವರಿಗೆ ಇಡ್ಲಿ ಮಾರಿ ಮಕ್ಕಳನ್ನು ಸಾಕಿದವಳು. ಮಾತು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಮುಗಿಯುತ್ತದೆ, ಸಿಟ್ಟು ಬಂದರೆ ತೆಲುಗೂ ಸೇರುತ್ತದೆ. "ಏನ್ಪಾ ನಾರಾಯಣ, ಸತ್ತೋರ ಜತೆ ಏನು ಮಾತು, ಏನು ಪೇಚ್ಚು ನಿಂದು? ಎದ್ದೇಳು. ಬಾ ಆಚೆಗೆ" ಅಂತ ಕೈ ಹಿಡಿದು ಎಳೆದುಕೊಂಡೇ ಹೋದಳು.

ಎಳೆದು ಕೂರಿಸಿದ್ದು ನಲ್ಲಿಕಟ್ಟೆಯ ಮೇಲೆ. ಸಾಲಿನ ತುದಿಯಲ್ಲಿ ಸಿಮೆಂಟು ಕಟ್ಟೆ, ಅದರ ಮೇಲೊಂದು ನಲ್ಲಿ. ಅದರಲ್ಲಿ ನೀರು ಬರುವುದು ಅದಕ್ಕೆ ಮನಸ್ಸು ಬಂದಾಗ. ಕೊಡಗಳನ್ನು ಸಾಲಿಗಿಟ್ಟು ಕಾಯುವ ನೆಪದಲ್ಲಿ ಸಂಜೆ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಸೇರಿದವರು ಮೊದಲು ಮಾಡುವ ಕೆಲಸ ಒಂದೇ. ಸಾಲಾಗಿ ಒಬ್ಬೊಬ್ಬರೂ ಅವತ್ತಿನ ನೋವು ಹೇಳಬೇಕು. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಹಲ್ಲು, ಒಬ್ಬಳಿಗೆ ಹೊಟ್ಟೆಯುರಿ, ಇನ್ನೊಬ್ಬಳಿಗೆ ಸೊಸೆ. ಕೇಳಿದವರು ಲೊಚಗುಟ್ಟಬೇಕು, ಒಂದು ಮದ್ದು ಹೇಳಬೇಕು, ಬೈಯಬೇಕೆನಿಸಿದರೆ ಬೈಯಬೇಕು. ರಜೆಯ ದಿನ ಮನೆಯಲ್ಲಿದ್ದಾಗ ಅದು ನನ್ನ ಕಿವಿಗೂ ಬೀಳುತ್ತಿತ್ತು. "ಶುರುವಾಯ್ತು ನೋವಿನ ಪಾರಾಯಣ" ಅಂತ ಸರೋಜಳ ಮುಂದೆ ಗೇಲಿ ಮಾಡುತ್ತಿದ್ದೆ.

ಅವತ್ತು ಸರದಿ ಸುತ್ತಿಕೊಂಡು ನನ್ನ ಹತ್ತಿರ ಬಂತು. ಕಟ್ಟೆಯ ಹಿರಿಯಳು ಮುನಿಯಮ್ಮ. ಎಲ್ಲರೂ ಅವಳನ್ನು ಅವ್ವ ಅನ್ನುತ್ತಾರೆ. ನಮ್ಮ ಅಜ್ಜಿಯ ಊರಿನ ಕಡೆಯವಳೇ, ಎಂಬತ್ತು ದಾಟಿದ್ದಳು, ಆಗಲೂ ಮೇಕೆ ಕಟ್ಟಿದ್ದಳು. ಕೋಲಿನ ತುದಿಯಿಂದ ನನ್ನ ಮಂಡಿಗೆ ತಿವಿದು, "ನಿಂಗೆಲ್ಲಿ ನೋವ್ಲಾ?" ಅಂದಳು.

"ಏನೂ ಇಲ್ಲ ಅವ್ವ."

ಗಲಗಲ ಅನ್ನುತ್ತಿದ್ದವರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಆ ಮಾತು ಇಲ್ ಆಡ್ಬ್ಯಾಡ ಕಣ್ಲಾ" ಅಂದಳು ಮುನಿಯಮ್ಮ. ಬೈದ ದನಿ ಅಲ್ಲ ಅದು. "ನಿಮ್ಮಪ್ಪ ಅವತ್ತು ಮುದ್ದೆಗೆ ಕೈ ಹಾಕೋ ಮುಂಚೆ ಎದೆ ನೀವ್ಕೊಂತಿದ್ನಂತೆ. ನಿಮ್ಮಮ್ಮ ಏನು ಅಂತ ಕೇಳುದ್ರೆ ಏನೂ ಇಲ್ಲ ಅಂದ. ಇವ್ಳ ಗಂಡಾನೂ ಅದೇ ಅಂದಿದ್ದ. ಅವ್ಳ ಗಂಡಾನೂ ಅದೇ. ಈ ಕಟ್ಟೆ ಮ್ಯಾಲೆ ಕೂತಿರೋರು ಮುಕ್ಕಾಲು ಜನ ಕಡೇದಾಗಿ ಕೇಳಿದ ಮಾತು ಅದೇ ಕಣೋ."

ಚಿನ್ನತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದ್ರೆ ಇದೆ ಅನ್ನು, ಇಲ್ದಿದ್ರೆ ಉಗುರು ನೋಯ್ತಿದೆ ಅನ್ನು" ಅಂದಳು. ಹೆಂಗಸರ ಎದುರು ನೋವು ಅಂತ ಬಾಯಿ ತೆರೆಯಲು ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಕೊನೆಗೆ, "ಎದೆ ಮಧ್ಯ ಒಂಥರಾ ಭಾರ. ಹೆದರಿಕೆ ಆಗ್ತದೆ" ಅಂದೆ. ನನ್ನ ಗಂಟಲಿನಿಂದ ಬಂದ ಆ ಮಾತು ನನಗೇ ಹೊಸದಾಗಿ ಕೇಳಿಸಿತು. ಎಲ್ಲರೂ ಲೊಚಗುಟ್ಟಿದರು. ಹೆದರಿಕೆಗೆ ಮದ್ದೇನು ಅಂತ ದೊಡ್ಡ ಚರ್ಚೆ ನಡೆಯಿತು. ಜೀರಿಗೆ ಕಷಾಯ ಅಂತ ತೀರ್ಮಾನವಾಯಿತು.

ಅಲ್ಲಿಂದ ನಾನು ಆ ಕಟ್ಟೆಗೆ ಸೇರಿದವನಾದೆ. ಕೆಲಸವಿಲ್ಲದ ಗಂಡಸಿಗೆ ನೋಡುವುದು ಬಿಟ್ಟು ಇನ್ನೇನಿರುತ್ತದೆ? ನಾನು ಈ ಮುದುಕಿಯರನ್ನು ನೋಡತೊಡಗಿದೆ. ಇವರ ಆಯುಷ್ಯದ ಗುಟ್ಟು ಸಿಕ್ಕಿದರೆ ನಾನೂ ಸ್ವಲ್ಪ ಕದಿಯೋಣ ಅಂತ. ತಿನ್ನುವುದು ನೋಡಿದೆ. ನಾವು ತಿನ್ನುವ ಮುದ್ದೆ, ಹುರುಳಿ ಸಾರೇ. ಅದೂ ಕೊನೆಯಲ್ಲಿ ಮಿಕ್ಕಿದ್ದು. ವಿಶ್ರಾಂತಿ ನೋಡಿದೆ. ಇರಲೇ ಇಲ್ಲ. ನಾವು ಉಸಿರಾಡಿದ ಗಾಳಿಯನ್ನೇ ಇವರೂ ಉಸಿರಾಡಿದವರು. ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿ ಸುರಿದು ಬೆಳೆದ ಸೈನೈಡ್ ದಿಬ್ಬದ ಬಿಳಿ ಧೂಳು ಗಂಡಸು ಹೆಂಗಸು ಅಂತ ನೋಡಿಕೊಂಡು ಬೀಸುವುದಿಲ್ಲ. ಹೆತ್ತರು, ಹೊತ್ತರು, ಹೂತರು. ಆದರೂ ಮುನಿಯಮ್ಮ ಮೇಕೆಯ ಹಿಂದೆ ದಿಬ್ಬದ ಬುಡದವರೆಗೆ ನಡೆದು ಹೋಗಿ ಬರುತ್ತಿದ್ದಳು. ನಾನು ಅರ್ಧ ದಾರಿಗೆ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತರೆ ಅವಳು ತಿರುಗಿ ನಿಂತು, "ಏನ್ಲಾ, ಮೇಕೆಮರೀನೇ ವಾಸಿ ನಿನಗಿಂತ" ಅನ್ನುತ್ತಿದ್ದಳು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅವ್ವಾ, ನೀವೆಲ್ಲ ಹೆಂಗೆ ಇಷ್ಟು ವರ್ಷ ಬದುಕಿದ್ರಿ?"

"ಸಾಯಕ್ಕೆ ಪುರುಸೊತ್ತು ಎಲ್ಲಿತ್ತೋ?" ಅಂದಳು. ಆಮೇಲೆ ಮೇಕೆಯ ಕಿವಿ ಸವರುತ್ತಾ, "ಆಯಪ್ಪ ಓದಾಗ ನನ್ ಸೊಂಟದಾಗೊಂದು, ಒಟ್ಟೇಲೊಂದು. ಅಳ್ತಾ ಕೂತ್ರೆ ಆಲು ಕೊಡೋರ್ಯಾರು? ಎದ್ದೆ. ಎದ್ದೋಳು ಎದ್ದೇ ಅವ್ನಿ" ಅಂದಳು. ಅವಳ ಗಂಡ ಗಣಿಯೊಳಗೆ ಬಂಡೆ ಸಿಡಿದಾಗ ಸತ್ತವನು. ಸಾಯುವಾಗ ಅವನಿಗೆ ಮೂವತ್ತೂ ಆಗಿರಲಿಲ್ಲ. ಇಷ್ಟು ದಿನ ಇವಳನ್ನು ಮೇಕೆ ಕಾಯುವ ಮುದುಕಿ ಅಂದುಕೊಂಡಿದ್ದೆನಲ್ಲ ಅಂತ ಮೈ ಜುಮ್ಮೆಂದಿತು.

ಬೇಸಿಗೆ ಕಳೆಯುವ ಹೊತ್ತಿಗೆ ನನ್ನ ತಲೆಯ ಬಣ್ಣ ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಡೈ ಹಚ್ಚಿಕೊಳ್ಳುವ ಮನಸ್ಸೇ ಆಗಿರಲಿಲ್ಲ. ಒಂದು ಸಂಜೆ ಚಿನ್ನತಾಯಿ ನನ್ನ ತಲೆಯನ್ನೇ ದಿಟ್ಟಿಸಿ ನೋಡುತ್ತಾ ಕೂತಳು. "ಏನಕ್ಕ?" ಅಂದೆ.

"ನಮ್ಮ ಲೈನಲ್ಲಿ ವೊಬ್ಬ ಗಂಡಸ್ರು ತಲೆ ಇಷ್ಟು ಬೆಳ್ಳಗೆ ಆಗಿದ್ದು ನಾನು ನೋಡೇ ಇಲ್ಲಪಾ" ಅಂದಳು. ಉಳಿದವರೂ ತಿರುಗಿ ನೋಡಿದರು. ನಾಚಿಕೆಯಾಗಿ, ಭಾನುವಾರ ಬಣ್ಣ ಹಚ್ಚಿಸಿಕೊಳ್ಳುತ್ತೇನೆ ಅಂದೆ. ಎಲ್ಲರೂ ಒಂದೇ ಸಲಕ್ಕೆ ಮೇಲೆ ಬಿದ್ದರು. ಡೈ ತಂದರೆ ಮೋರಿಗೆ ಸುರಿಯುತ್ತೇನೆ ಅಂತ ಚಿನ್ನತಾಯಿ ಆಣೆ ಮಾಡಿದಳು. ಅವಳೇ ಆಗ ಅರವತ್ತರ ಮದುವೆಯ ಮಾತು ತೆಗೆದದ್ದು. ತಮಿಳರಲ್ಲಿ ಗಂಡಸಿಗೆ ಅರವತ್ತು ತುಂಬಿದರೆ ಗಂಡ ಹೆಂಡತಿಗೆ ಇನ್ನೊಂದು ಸಲ ಮದುವೆ ಮಾಡುತ್ತಾರಂತೆ, ತಾಳಿ ಕಟ್ಟಿಸುತ್ತಾರಂತೆ. ನಮ್ಮಲ್ಲೂ ಅನುಕೂಲಸ್ಥರು ಶಾಂತಿ ಅಂತ ಮಾಡಿಸುವುದುಂಟು. "ನಾನು ಮದುವೆಯಾಗಿ ಈ ಲೈನಿಗೆ ಬಂದ ಮೇಲೆ ಇಲ್ಲಿ ಒಂದೂ ಅರವತ್ತರ ಮದುವೆ ಆಗಿಲ್ಲ. ಆಗೋಕೆ ಗಂಡು ಬೇಕಲ್ಲ?" ಅಂದಳು.

ಮುನಿಯಮ್ಮ ಕೋಲು ಊರಿ ಎದ್ದು ನಿಂತಳು. "ಮುಂದಿನ ಅವರೇಕಾಯಿಗೆ ಇವ್ನಿಗೆ ಅರವತ್ತು. ಇವ್ನ ಮದ್ವೆ ನೋಡ್ಬೇಕು ಕಣ್ರೇ. ಗಂಡ ಓದ್ಮ್ಯಾಲೆ ಬದುಕೋದು ಹೆಂಗೆ ಅಂತ ನಮ್ಗೆಲ್ಲ ಗೊತ್ತು. ಗಂಡ ಅನ್ನೋನು ಮುದುಕ ಆದ್ರೆ ಹೆಂಗಿರ್ತಾನೆ ಅಂತ ಗೊತ್ತಿಲ್ಲ. ಅದೊಂದು ನೋಡ್ಬುಡೋಣ" ಅಂದಳು.

ನನ್ನ ಜೀವ ಅವತ್ತಿನಿಂದ ನನ್ನೊಬ್ಬನದಾಗಿ ಉಳಿಯಲಿಲ್ಲ. ಉಪ್ಪು ಜಾಸ್ತಿ ತಿಂದೆನಾ ಅಂತ ನಮ್ಮ ಸಾರಿನ ಪಾತ್ರೆಗೆ ಯಾರು ಬೇಕಾದರೂ ಬೆರಳದ್ದಿ ನೆಕ್ಕಿ ನೋಡುವವರು. ಹಳೆಯ ಗಣಿಯ ಗೋಡೆಯ ಹಿಂದೆ ಹೋಗಿ ಒಂದು ಬೀಡಿ ಹಚ್ಚಿದರೆ ಕಟ್ಟೆಗೆ ವಾಪಸು ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿರುತ್ತಿತ್ತು. "ವಾಸ್ನೆ ಗುಮ್ ಅಂತದೆ, ಸಾಮಿ ಪೂಜೆ ಆಯ್ತಾ?" ಅಂತ ಚಿನ್ನತಾಯಿ ಕೈ ಮುಗಿಯುತ್ತಿದ್ದಳು. ನಾನು ರೇಗುತ್ತಿದ್ದೆ. ಸರೋಜ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ನೋಡಿ ಬೀಡಿ ಬಿಟ್ಟೆ ಅಂದರೆ ಪೂರ್ತಿ ಸುಳ್ಳಾಗುವುದಿಲ್ಲ.

ಆಷಾಢ ಬಂತು. ನಮ್ಮಲ್ಲಿ ಆಷಾಢವೆಂದರೆ ಮಳೆಗಿಂತ ಗಾಳಿ. ಸೈನೈಡ್ ದಿಬ್ಬದ ಧೂಳು ಎದ್ದು ಇಡೀ ಉರಿಗಾಮಿನ ಮೇಲೆ ಹಿಟ್ಟಿನ ಹಾಗೆ ಕೂರುತ್ತದೆ. ಅನ್ನದ ತಟ್ಟೆಗೂ ತಪ್ಪಿದ್ದಲ್ಲ. ಅಂಥ ಒಂದು ಮಧ್ಯಾಹ್ನ ಬಾಗಿಲ ಸಂದಿಗೆ ಬಟ್ಟೆ ತುರುಕುತ್ತಿದ್ದೆ. ಎದೆಯ ಮಧ್ಯೆ ಅದೇ ಹಿಡಿತ, ಎಡಗೈಯಲ್ಲಿ ಅದೇ ಜೋಮು. ಒಳಗೆ ಪಾತ್ರೆ ತೊಳೆಯುತ್ತಿದ್ದ ಸರೋಜ ನನ್ನ ಸದ್ದು ನಿಂತದ್ದಕ್ಕೆ, "ಏನಾಯ್ತು?" ಅಂದಳು.

ಆ ಕ್ಷಣ ನನಗೆ ಇವತ್ತಿಗೂ ಸರಿಯಾಗಿ ನೆನಪಿದೆ. ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತದ್ದು ಅದೇ ಹಳೆಯ ಮಾತು. ತಾತನ ಮಾತು, ಅಪ್ಪನ ಮಾತು. ಬಾಯಿ ತೆರೆದೂ ಆಗಿತ್ತು. ಆದರೆ ಎಷ್ಟೋ ಸಂಜೆಗಳಿಂದ ಕಟ್ಟೆಯ ಮೇಲೆ ಕೂತು ಮಂಡಿನೋವು, ಬೆನ್ನುನೋವು, ಉಗುರು ನೋವು ಅಂತ ಒದರಿ ಒದರಿ ಆ ಬಾಯಿಗೆ ಬೇರೆ ಅಭ್ಯಾಸವಾಗಿಬಿಟ್ಟಿತ್ತು. "ಸರೋಜಾ, ನೋವು! ಎದೆ ನೋವು!" ಅಂತ ಲೈನಿಗೆಲ್ಲ ಕೇಳುವ ಹಾಗೆ ಕೂಗಿದೆ.

ಆ ಧೂಳಿನಲ್ಲಿ ಬಾಗಿಲುಗಳು ದಡಾರನೆ ತೆರೆದ ಸದ್ದು ಕಿವಿಗೆ ಬಿತ್ತು. ಯಾರೋ ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು. ಚಿನ್ನತಾಯಿ ಆಂಡರ್ಸನ್‌ಪೇಟೆಯ ದಾರಿಗೆ ಓಡಿ, ಹೋಗುತ್ತಿದ್ದ ಆಟೋಗೆ ಅಡ್ಡ ನಿಂತಳಂತೆ. ಅದರಲ್ಲಿ ಯಾರೋ ಕೂತಿದ್ದರಂತೆ, ಅವರನ್ನು ಇಳಿಸಿದಳಂತೆ. ಮುನಿಯಮ್ಮ ನನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಬಾಯ್ಬುಟ್ಟು ಏಳಿದ್ಯಲ್ಲ, ಇನ್ನೇನು ಆಗಲ್ಲ ಬುಡು. ಏಳ್ದ ಮ್ಯಾಲೆ ಆಗಲ್ಲ" ಅಂತ ಒಂದೇ ಸಮನೆ ಹೇಳುತ್ತಿದ್ದಳು. ಆಸ್ಪತ್ರೆಯಲ್ಲಿ ಇನ್ನೊಂದು ಕಡೆ ಕಟ್ಟಿಕೊಂಡಿದೆ ಅಂದರು, ಅದನ್ನೂ ಬಿಡಿಸಿದರು. ಡಾಕ್ಟರಮ್ಮ, "ಈ ಸಲ ಬೇಗ ಬಂದ್ರಿ" ಅಂದರು. ಸರೋಜ, "ಈ ಸಲ ಬೇಗ ಬಾಯ್ಬುಟ್ಟು ಏಳುದ್ರು" ಅಂದಳು.

ಆಮೇಲಿನ ತಿಂಗಳುಗಳು ಹೇಗೆ ಸರಿದವೋ ಗೊತ್ತಿಲ್ಲ. ದೀಪಾವಳಿ ಕಳೆಯಿತು, ಚಳಿ ಬಂತು, ಬಂಗಾರಪೇಟೆ ಸಂತೆಯಲ್ಲಿ ಅವರೆಕಾಯಿಯ ಮೂಟೆ ಇಳಿಯತೊಡಗಿತು. ಆ ಸೊಗಡಿನ ವಾಸನೆ ಬಂದದ್ದೇ ನಮ್ಮ ಲೈನಿಗೆ ಮದುವೆಯ ಹುಚ್ಚು ಹಿಡಿಯಿತು. ತೊಡಕೆಂದರೆ ಅರವತ್ತರ ಮದುವೆಯನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಮದುವೆ ಅಂದ ಮೇಲೆ ಮದುವೆಯೇ ಅಂತ ಮುನಿಯಮ್ಮ ತೀರ್ಪು ಕೊಟ್ಟಳು. ಹಾಗಾಗಿ ಮದುವಣಗಿತ್ತಿ ಗಂಡಿನ ಮನೆಯಲ್ಲಿರಬಾರದು ಅಂತ ಸರೋಜಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಿಬಿಟ್ಟಳು. ನನಗೆ ಊಟ ತಂದುಕೊಡುವಾಗಲೂ ಅವಳ ಮುಖ ತೋರಿಸಲಿಲ್ಲ. ಮಗಳು ಪದ್ಮ ಗಂಡನ ಮನೆಯಿಂದ ಬಂದವಳು ಇದನ್ನೆಲ್ಲ ನೋಡಿ ಬಿದ್ದು ಬಿದ್ದು ನಕ್ಕಳು. ನನಗೆ ಮಾತ್ರ ನಿಜವಾಗಿಯೂ ಹೊಸ ಮದುವಣಿಗನ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನೂ ಕಟ್ಟೆಯ ಮೇಲೆ ಹೇಳಿ ಬೈಸಿಕೊಂಡೆ.

ಮದುವೆಯ ಬೆಳಿಗ್ಗೆ ಎದ್ದು ಪಂಚೆ ಉಟ್ಟು ಆಚೆ ಬಂದೆ. ಬಾಗಿಲಿಗೆ ಮಾವಿನ ತೋರಣ, ಮುಂದೆ ರಂಗೋಲಿ, ಹಸೆಮಣೆ, ಹಂಡೆಯಲ್ಲಿ ಅರಿಸಿನದ ನೀರು. ಎಲ್ಲವೂ ಇತ್ತು, ಜನರೇ ಇರಲಿಲ್ಲ. ಸಾಲಿನ ಬಾಗಿಲುಗಳೆಲ್ಲ ಈ ತುದಿಯಿಂದ ಆ ತುದಿಯವರೆಗೆ ಮುಚ್ಚಿದ್ದವು. ಪದ್ಮ ಹೂವು ತರಲು ಆಂಡರ್ಸನ್‌ಪೇಟೆಗೆ ಹೋಗಿದ್ದಳು. ಮುನಿಯಮ್ಮನ ಮನೆಯಿಂದ ಸರೋಜ ಒಬ್ಬಳೇ, ಹೊಸ ಸೀರೆಯಲ್ಲಿ, ಮುಖ ಸಪ್ಪೆ ಮಾಡಿಕೊಂಡು ಹೊರಗೆ ಬಂದಳು.

"ಯಾರೂ ಬರಾಕಿಲ್ಲ ಅಂತ ಒಳಗೆ ಕೂತವ್ರೆ. ಮುಂಡೇರ ಮುಖ ನೋಡ್ಕೊಂಡು ಅಸೆ ಮ್ಯಾಲೆ ಕೂರಬಾರ್ದಂತೆ. ಇಷ್ಟು ಮಾಡಿ ಉಳಿಸಿದೀವಿ, ಕಡೇ ಗಳಿಗೇಲಿ ನಮ್ ನೆಳ್ಳು ಬಿದ್ದು ಏನಾರ ಆದ್ರೆ ಅಂತಾಳೆ ಅವ್ವ. ಎಷ್ಟು ಏಳುದ್ರೂ ಕೇಳ್ತಿಲ್ಲ" ಅಂದಳು.

ನಾನು ಒಂದೊಂದೇ ಬಾಗಿಲು ತಟ್ಟಿಕೊಂಡು ಹೋದೆ. "ಓಗಪ್ಪ, ಒಳ್ಳೇದಾಗ್ಲಿ" ಅನ್ನುವ ದನಿ ಮಾತ್ರ ಒಳಗಿನಿಂದ ಬಂತು. ಇಷ್ಟು ತಿಂಗಳು ನನ್ನ ಸಾರಿಗೆ ಬೆರಳದ್ದಿದವರು, ನನ್ನ ಉಸಿರಿನ ಸದ್ದಿಗೆ ಕಿವಿಯಿಟ್ಟು ಮಲಗಿದವರು, ಕತ್ತಲೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರು. ನನಗೆ ತಡೆಯಲಾರದಷ್ಟು ಸಂಕಟವಾಯಿತು. ಸಿಟ್ಟೂ ಬಂತು. ನೇರ ನಲ್ಲಿಕಟ್ಟೆಗೆ ಹೋಗಿ, ನನ್ನ ಜಾಗದಲ್ಲಿ ಕೂತು, ಇದ್ದಷ್ಟು ಉಸಿರು ಸೇರಿಸಿ ಕೂಗಿದೆ.

"ಅವ್ವಾ! ನೋವು! ಎದೆ ನೋವು!"

ದಡ್ ದಡ್ ಅಂತ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಒಬ್ಬಳ ಕೈಯಲ್ಲಿ ಮಾತ್ರೆ, ಒಬ್ಬಳ ಕೈಯಲ್ಲಿ ನೀರಿನ ಚೊಂಬು. ಚಿನ್ನತಾಯಿ ಆಟೋ ಹಿಡಿಯಲು ಆಗಲೇ ದಾರಿಯತ್ತ ತಿರುಗಿದ್ದಳು. ಮುನಿಯಮ್ಮ ಕೋಲನ್ನೂ ಮರೆತು ಓಡಿ ಬಂದಳು. ಎಂಬತ್ತು ದಾಟಿದವಳು ಓಡಿದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ. ಎಲ್ಲರೂ ನನ್ನನ್ನು ಸುತ್ತಿಕೊಂಡ ಮೇಲೆ, "ಬಾಗಿಲು ಮುಚ್ಚಿದ್ದು ನೋಡಿ ನೋವಾಗಿತ್ತು. ಈಗ ವಾಸಿ" ಅಂದೆ.

ಚಿನ್ನತಾಯಿ ಬಾಯಲ್ಲಿ ಮೂರೂ ಭಾಷೆಗಳು ಒಂದೇ ಸಲ ಹೊರಟವು. ಕೈಗೆ ಸಿಕ್ಕ ಪೊರಕೆಯಿಂದ ಮದುವಣಿಗನಿಗೆ ನಾಲ್ಕು ಬಿಟ್ಟಳು. ನಾನು ಕೈ ಅಡ್ಡ ಹಿಡಿದು ನಗುತ್ತಿದ್ದೆ. ಸರೋಜ ನಗುತ್ತಾ ಅಳುತ್ತಾ ಬಂದು ಪಕ್ಕದಲ್ಲಿ ಕೂತಳು. "ಎಲ್ರ ಮುಖಾನೂ ನೋಡಾಯ್ತು, ಏಟೂ ಬಿತ್ತು. ಇನ್ನೇನು ಉಳೀತು ಅವ್ವ? ಇವ್ರನ್ನ ಉಳಿಸಿಕೊಟ್ಟಿದ್ದು ನೀವು. ನೀರು ಉಯ್ಯೋರೂ ನೀವೇ" ಅಂದಳು. ಪದ್ಮ ಹೂವಿನ ಬುಟ್ಟಿಯ ಜತೆ ಬಂದವಳು ಏನೂ ಕೇಳದೆ ಅರಿಸಿನದ ನೀರಿನ ಚೊಂಬನ್ನು ಮುನಿಯಮ್ಮನ ಕೈಗೆ ಕೊಟ್ಟಳು.

ಒಬ್ಬೊಬ್ಬರಾಗಿ ಬಂದು ನಮ್ಮಿಬ್ಬರ ತಲೆಗೆ ನೀರು ಹುಯ್ದರು. ಪೂಜಾರಪ್ಪ ಬಂದು ಮಂತ್ರ ಹೇಳಿದ, ತಾಳಿ ಕಟ್ಟಿದೆ. ಅಕ್ಷತೆ ಹಾಕುವಾಗ ನಡೆದದ್ದನ್ನು ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಮುನಿಯಮ್ಮ ಅಕ್ಷತೆ ಹಾಕಿದ ಕೈಯನ್ನು ತೆಗೆಯಲಿಲ್ಲ. ಒದ್ದೆಯಾದ ನನ್ನ ಬಿಳಿಗೂದ‌ಲನ್ನು ಬೆರಳಿನಿಂದ ಬಿಡಿಸಿ, ಹಣೆಯಿಂದ ಹಿಂದಕ್ಕೆ ಸವರಿದಳು. ಮತ್ತೆ ಸವರಿದಳು.

"ಇಂಗಿರ್ತದಾ?" ಅಂದಳು, ಯಾರಿಗೂ ಅಲ್ಲ. "ಆಯಪ್ಪ ಓದಾಗ ಮೀಸೆ ಸರ್ಯಾಗಿ ಬಂದಿರ್ಲಿಲ್ಲ. ಈಗೇನಾರ ಎದ್ರಿಗೆ ಬಂದ್ರೆ ನನ್ನ ಅಜ್ಜೀ ಅಂತಾನೆ."

ಚಿನ್ನತಾಯಿ ಬಂದು ತಲೆ ಮುಟ್ಟಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ತಲೆ ತಗ್ಗಿಸಿ ಕೂತಿದ್ದೆ. ಒಂದೊಂದು ಕೈಯೂ ನನ್ನ ತಲೆಯ ಮೇಲೆ ತನ್ನ ಗಂಡನನ್ನು ಹುಡುಕುತ್ತಿತ್ತು. ಎಂಥೆಂಥ ಕೈಗಳು ಅವು, ಇಡ್ಲಿ ಬೇಯಿಸಿ, ನೀರು ಹೊತ್ತು, ಹೆಣ ತೊಳೆದು, ಮಕ್ಕಳಿಗೆ ತುತ್ತಿಟ್ಟು ಇನ್ನೂ ಬೆಚ್ಚಗೇ ಇದ್ದ ಕೈಗಳು. ನನಗೆ ಅರವತ್ತು ಆದದ್ದು ಅಲ್ಲಿ, ಆ ಕೈಗಳ ಕೆಳಗೆ. ನಾನು ಜೋರಾಗಿಯೇ ಅತ್ತೆ.

ಸಂಜೆ ಅವರೆಕಾಳಿನ ಸಾರು, ಪಾಯಸದ ಊಟ ಮುಗಿಸಿ ಎಲ್ಲರೂ ಎಂದಿನಂತೆ ಕಟ್ಟೆಗೆ ಬಂದೆವು. ಮದುವೆಯಾದರೂ ಪಾರಾಯಣ ತಪ್ಪಬಾರದಲ್ಲ. ಚಿನ್ನತಾಯಿಗೆ ಪೊರಕೆ ಬೀಸಿ ರಟ್ಟೆ ನೋವು. ಸರೋಜಳಿಗೆ ಕೂತು ಕೂತು ಬೆನ್ನು ನೋವು. ನನಗೆ ಪೊರಕೆ ಬಿದ್ದ ಕಡೆಯೆಲ್ಲ. ಕೊನೆಗೆ ನಾನೇ ಕೇಳಿದೆ. "ಅವ್ವಾ, ನಿಂಗೆಲ್ಲಿ?"

ಮುನಿಯಮ್ಮ ದಿಬ್ಬದ ಕಡೆ ನೋಡುತ್ತಾ ಕೂತಿದ್ದಳು. "ಏನೂ ಇಲ್ಲ" ಅಂದಳು.

ಚಿನ್ನತಾಯಿ ತಟ್ಟನೆ ಎದ್ದು ಅವಳ ಹಣೆ ಮುಟ್ಟಿದಳು. ಸರೋಜ ಕೈ ಹಿಡಿದು ನಾಡಿ ನೋಡಿದಳು. "ಅವ್ವಾ, ಆ ಮಾತು ಇಲ್ಲಿ ಆಡಬಾರ್ದು ಅಂತ ನೀನೇ ಹೇಳಿದ್ದು" ಅಂದೆ.

"ಕೈ ತೆಗೀರೇ" ಅಂತ ಅವಳು ಕೊಡವಿಕೊಂಡಳು. "ನಿಜವಾಗ್ಲೂ ಇಲ್ಲ ಕಣ್ರೇ. ಮಂಡಿ ನೋಯ್ತಿಲ್ಲ, ಸೊಂಟ ನೋಯ್ತಿಲ್ಲ, ಒಟ್ಟೆ ತುಂಬೈತೆ. ಉಡುಕಿ ನೋಡ್ದೆ, ಎಲ್ಲೂ ಇಲ್ಲ. ನಾನೇನು ಮಾಡ್ಲಿ?"

ಯಾರೂ ನಂಬಲಿಲ್ಲ. ಕತ್ತಲಾಗುವವರೆಗೂ ಒಬ್ಬರೂ ಅವಳ ಪಕ್ಕದಿಂದ ಏಳಲಿಲ್ಲ. ಅವಳ ಕಡೆಗೇ ಕಿವಿಯಿಟ್ಟುಕೊಂಡು ಮಲಗಲು ಹೋದೆವು. ಬೆಳಿಗ್ಗೆ ನಲ್ಲಿಯ ಸದ್ದಿಗೆ ಎಚ್ಚರವಾಯಿತು. ಹಾಸಿಗೆಯಿಂದ ಏಳಲು ಧೈರ್ಯ ಸಾಲದೆ ಸುಮ್ಮನೆ ಮಲಗಿದ್ದೆ. ಆಗ ಕೇಳಿಸಿತು ಅವಳ ದನಿ, ಲೈನಿಗೆಲ್ಲ ಕೇಳುವ ಹಾಗೆ.

"ಅಯ್ಯೋ ಅಯ್ಯೋ, ಈ ಆಳಾದ್ ಮಂಡಿ! ಯಾರಾರ ಬಂದು ಕೊಡ ಎತ್ತಿಕೊಡ್ರೇ!"

ಸರೋಜ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರೂ ಎದ್ದು ಕೊಡ ಎತ್ತಲು ಓಡಿದೆವು.